ತಪ್ಪು ಕಂಡರೆ ತೆಗೆದಿಡಿ ಅಂದವಳು

ಆಗ ನನಗೆ ನಲವತ್ತು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಮೊನ್ನೆ ಮೊಮ್ಮಗನ ಹೊಸ ಜೀನ್ಸ್ ಪ್ಯಾಂಟು ನೀರಿಗೆ ಹಾಕಿದೆ. ಆ ನೀಲಿ ಬಣ್ಣದ ಘಾಟು ಮೂಗಿಗೆ ಬಡಿದು ಕಾರ್ಖಾನೆಯ ಅಕ್ಕ ನೆನಪಾದಳು...

ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಗಂಡಸರು ಹೊಲಿದ ಪ್ಯಾಂಟಿನ ಉಳಿದ ದಾರ ಕತ್ತರಿಸಿ, ತಪ್ಪು ನೋಡುವುದು ನಾವು ಹೆಂಗಸರ ಕೆಲಸ. ತಪ್ಪು ಕಂಡರೆ ಸಾವುಕಾರನನ್ನು ಕೇಳಬೇಕು, ಅವನು ಹೂಂ ಅಂದರಷ್ಟೇ ತೆಗೆದಿಡಬೇಕು. ಕೇಳಹೋದರೆ ಬೈಯುತ್ತಿದ್ದ. ಹಾಗಾಗಿ ಯಾರೂ ಸರಿಯಾಗಿ ನೋಡುತ್ತಲೇ ಇರಲಿಲ್ಲ. ಆಗ ಸಿರುಗುಪ್ಪದಿಂದ ಸೂಪರ್‌ವೈಸರ್ ಬಂದಳು. ನನಗಿಂತ ಚಿಕ್ಕವಳು, ಆದರೂ ಎಲ್ಲರಿಗೂ ಅಕ್ಕ.

"ತಪ್ಪು ಕಂಡ್ರ ನೀವ ತೆಗೆದಿಡ್ರಿ. ನನ್ನೂ ಕೇಳಬ್ಯಾಡ್ರಿ," ಅಂದಳು.

ನನ್ನ ಬಾಯಿ ಮೊದಲೇ ಜೋರು. ಕೆಟ್ಟ ಹೊಲಿಗೆಯ ಪ್ಯಾಂಟನ್ನು ಹೊಲಿದವನ ಮುಂದೆಯೇ ಎಸೆದು, "ಏನ್ ಲೇ, ಕಣ್ಣು ಮನ್ಯಾಗ ಇಟ್ಟು ಬಂದೀಯೇನು?" ಅನ್ನುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಹಾಗಲ್ಲ. ಗಂಡಸಿನ ದನಿ ಕೇಳಿದರೆ ನಡುಗುವವಳು.

"ಈಕಿಗ್ಯಾಕ ಅಧಿಕಾರ? ಸತ್ರೂ ಬಾಯಿ ಬಿಡಂಗಿಲ್ಲ," ಎಂದು ಅಕ್ಕನಿಗೆ ಹೇಳಿದೆ.

"ನಿಮ್ದು ಬಾಯಿಲೆ ಕೆಲಸ, ಆಕಿದು ಕಣ್ಣಿಲೆ. ಸುಮ್ನಿರ್ರಿ," ಅಂದಳು.

ಹುಡುಗಿಗೊಂದು ಬುಟ್ಟಿ ಕೊಟ್ಟಳು. ಮಾತು ಬೇಡ, ಅದರಲ್ಲಿ ಹಾಕಿದರೆ ಸಾಕು. ಸ್ವಲ್ಪ ದಿನದಲ್ಲೇ ನಾನು ಹಿಡಿದದ್ದಕ್ಕಿಂತ ಹೆಚ್ಚು ತಪ್ಪು ಆ ಬುಟ್ಟಿಯಲ್ಲಿ ಬೀಳತೊಡಗಿತು. ನನಗೆ ಹೊಟ್ಟೆ ಉರಿಯಿತು.

ಒಂದು ಸಂಜೆ ಮಾಲು ಒಯ್ಯಲು ಲಾರಿ ಕಾಯುತ್ತಿತ್ತು. ಹುಡುಗಿ ಇಡೀ ಕಟ್ಟನ್ನೇ ತೆಗೆದಿಟ್ಟಳು. ಎಲ್ಲ ಪ್ಯಾಂಟಿಗೂ ಒಂದು ಕಾಲು ಕಡುನೀಲಿ, ಇನ್ನೊಂದು ಮಾಸಲು.

"ಯಾರು ನಿಲ್ಲಿಸಿದ್ದು ಇದನ್ನ?" ಸಾವುಕಾರ ಅಬ್ಬರಿಸಿದ. ಹುಡುಗಿ ಬಿಳುಚಿಕೊಂಡಳು.

"ನಾನ್ರಿ. ಇವರು ತೆಗೆದಿಟ್ರ ನಾ ತೆಗೆದಿಟ್ಟಂಗ," ಅಂದಳು ಅಕ್ಕ.

"ಹಂಗಾದ್ರ ನಾಳಿಂದ ನೀನು ಬರಬ್ಯಾಡ."

ಅಕ್ಕ ಸೆರಗು ಕೊಡವಿಕೊಂಡು ಹೋದಳು. ಲಾರಿಯೂ ಹೋಯಿತು, ಆ ಕಟ್ಟಿನ ಸಮೇತ.

ಅಕ್ಕ ಕುರುಗೋಡಿನ ಮಗಳ ಮನೆಯಲ್ಲಿ ತೀರಿಕೊಂಡಳೆಂದು ನನಗೆ ತಿಳಿದದ್ದು ಹೋದ ವರ್ಷ, ಮಣ್ಣು ಮಾಡಿ ಎಷ್ಟೋ ದಿನವಾದ ಮೇಲೆ. ಅಳು ಬರಲಿಲ್ಲ. ಅಂಥವಳು ಮತ್ತೆ ಸಿಗಲಿಲ್ಲ, ಅಷ್ಟೇ...

ಸಾವುಕಾರ ಅಕ್ಕನನ್ನು ಕೆಲಸದಿಂದ ತೆಗೆದ ಮರುದಿನ ಬೆಳಿಗ್ಗೆ ಆ ಹುಡುಗಿಯ ಮನೆಗೆ ಹೋದೆ. ತನ್ನಿಂದ ಅಕ್ಕನ ಅನ್ನ ಹೋಯಿತು, ಇನ್ನು ಕೆಲಸಕ್ಕೆ ಬರುವುದಿಲ್ಲ ಅಂದಳು.

"ನೀ ಮನ್ಯಾಗ ಕುಂತ್ರ ಆಕಿ ಹೋಗಿದ್ದು ದಂಡ. ಏಳು," ಅಂದೆ.

ರಟ್ಟೆ ಹಿಡಿದು ಕರೆತಂದು ಬುಟ್ಟಿಯ ಮುಂದೆ ಕೂರಿಸಿದೆ. ಆ ದಿನ ಅವಳು ತೆಗೆದಿಟ್ಟ ಒಂದೊಂದು ಪ್ಯಾಂಟನ್ನೂ ನಾನೇ ಒಯ್ದು ಸಾವುಕಾರನ ಮೇಜಿನ ಮೇಲೆ ಹಾಕಿ ಬಂದೆ.