ಪರದೆಯ ಮೇಲೆ ಮೂಡಿದ ಬೈಗುಳ

ಹೈದರಾಬಾದಿನ ನಮ್ಮ ಆಫೀಸಿನಲ್ಲಿ ಕ್ಲೈಂಟುಗಳ ಮುಂದೆ ಲಾಗಿನ್ ಆಗುವಾಗ ನನ್ನ ಹೆಸರಿನ ಜಾಗದಲ್ಲಿ ‘ಕತ್ತೆ’ ಎಂದು ಟೈಪ್ ಮಾಡಿದ ಮಹಾನುಭಾವ ನಾನೇ. ದೊಡ್ಡ ಪರದೆಯ ಮೇಲೆ, ಇಡೀ ಹೈದರಾಬಾದಿಗೆ ಕಾಣುವಂತೆ! ಮೂರು ತಿಂಗಳ ಹಿಂದಿನ ಡೆಮೋದಲ್ಲಿ ನಾನು ತಪ್ಪು ಮಾಡಿದಾಗ ಮೈಸೂರಿನವರಾದ ನಮ್ಮ ಮ್ಯಾನೇಜರ್ ಎಲ್ಲರೆದುರು ಬೈದಿದ್ದು ಅದೇ ಮಾತು. ಮರೆಯಬೇಕೆಂದು ಬೆವರುತ್ತ ಒದ್ದಾಡಿದಷ್ಟೂ ಅದೊಂದೇ ತಲೆಯಲ್ಲಿ ಉಳಿದು, ನನ್ನ ಹೆಸರೇ ಮರೆತುಹೋಯಿತು.

ಕ್ಲೈಂಟುಗಳು ಹೋದ ಮೇಲೆ, ‘ನೀವು ಬೈದ ಮಾತೇ ಬೆರಳಿಗೆ ಬಂತು ಸಾರ್’ ಎಂದೆ. ‘ನಾನೆಲ್ಲಿ ಹಾಗಂದೆ? ನಂಗೆ ನೆನಪೇ ಇಲ್ಲ ಕಣಯ್ಯ’ ಎಂದು ಮ್ಯಾನೇಜರ್ ನಕ್ಕುಬಿಟ್ಟರು. ಮೈಯೆಲ್ಲ ಉರಿದುಹೋಯಿತು. ಮೂರು ತಿಂಗಳು ನನ್ನನ್ನು ಹುರಿದು ತಿಂದ ಮಾತು ಆಡಿದವರಿಗೇ ನೆನಪಿಲ್ಲ! ನಾನೇ ಕಲ್ಪಿಸಿಕೊಂಡೆನೇ ಎಂಬ ಅನುಮಾನ ಬೇರೆ.

ಆಫೀಸಿನಲ್ಲಿ ಚಹಾ ಕೊಡುವ ಯಾದಗಿರಿಯ ಶರಣಮ್ಮ ಆಮೇಲೆ ಹೇಳಿದರು: ‘ಆವತ್ತು ನಾ ಅಲ್ಲೇ ಇದ್ದೆನ್ರಿ. ಅವ್ರು ಕತ್ತೆ ಅಂದಿದ್ದು ಖರೇನ ಐತಿ. ಒಂದಲ್ರಿ, ಎರಡು ಸಲ ಅಂದಾರ. ನೀವ ಕಮ್ಮಿ ಬರದೀರಿ.’