ಯೂರಿಯಾ ರಂಗೋಲಿ

ಪಾಯಸಕ್ಕೆಂದು ಸಬ್ಬಕ್ಕಿ ಡಬ್ಬಿ ತೆಗೆದೆ. ಒಂದು ಹಿಡಿ ಕಟ್ಟೆಯ ಮೇಲೆ ಚೆಲ್ಲಿತು. ನಿಮಗೆ ಅದು ಬರೀ ಸಬ್ಬಕ್ಕಿ. ನನಗೆ ಮಾತ್ರ ಅದನ್ನು ಕಂಡರೆ ಇಂದಿಗೂ ಯೂರಿಯಾ ನೆನಪಾಗುತ್ತದೆ, ಯೂರಿಯಾ ಜೊತೆಗೆ ಅತ್ತೆ.

ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷ. ಪರದೇಶದ ಹಾರ್ನ್‌ಬಿ ಎಂಬ ಊರಿನಲ್ಲಿ ಬಾಡಿಗೆ ಮನೆ, ನನ್ನ ಕೆಲಸ ಗುಡ್ಡದ ಹುಲ್ಲಿನದು. ಗ್ರಹಾಂ ಎಂಬ ರೈತರ ಕುರಿ ಮೇಯುವ ಗುಡ್ಡದಲ್ಲಿ ಬೇಲಿ ಹಾಕಿ, ಒಳಗೆ ಚೌಕಗಳನ್ನು ಮಾಡಿದ್ದೆವು. ಕೆಲವಕ್ಕೆ ಗೊಬ್ಬರ, ಕೆಲವಕ್ಕೆ ಇಲ್ಲ. ಕೆಲವನ್ನು ಆಗಾಗ ಕತ್ತರಿಸುವುದು, ಕೆಲವನ್ನು ಬೆಳೆಯಲು ಬಿಡುವುದು. ಕತ್ತರಿಸಿದ್ದನ್ನು ಒಣಗಿಸಿ ತೂಗುವುದು. ಎಂಎಸ್ಸಿ ಓದಿ ಹುಲ್ಲು ಕೊಯ್ತೀಯಾ ಎಂದು ತವರಿನಲ್ಲಿ ನಗುತ್ತಿದ್ದರು. ನಗಲಿ ಬಿಡಿ. ಆ ಪ್ರಯೋಗ ಕೆಟ್ಟರೆ ಮಾತ್ರ ನನ್ನ ಕೆಲಸವೂ ಅಲ್ಲಿಗೇ ಮುಗಿದಂತೆ.

ಮೈಸೂರಿನಿಂದ ಬಂದಿದ್ದ ಅತ್ತೆಗೆ ಗುಡಿಸಿ ಸಾರಿಸಲು ನೆಲವೇ ಇಲ್ಲದ ಕಾರ್ಪೆಟ್ ಮನೆಯಲ್ಲಿ ಕೈ ಕಟ್ಟಿಹಾಕಿದಂತಾಗಿತ್ತು. ಚಳಿಗಾಲ ಮುಗಿಯುತ್ತಿದ್ದಂತೆ ಒಂದು ದಿನ ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಗುಡ್ಡಕ್ಕೆ ಕರೆದೊಯ್ದೆ. ಚೌಕಗಳಿಗೆ ಯೂರಿಯಾ ಉದುರಿಸಿ, ಮಿಕ್ಕಿದ್ದ ಬಕೆಟ್ಟನ್ನು ಅವರ ಬಳಿ ಬಿಟ್ಟು, ಮಂಡಿಯೂರಿ ಹುಲ್ಲಿನ ಎತ್ತರ ಅಳೆಯುತ್ತಾ ಕೂತೆ. ಅಳೆಯಲು ಕೂತರೆ ನನಗೆ ಅತ್ತೆಯೂ ಇಲ್ಲ, ಲೋಕವೂ ಇಲ್ಲ. ಹೊರಡುವಾಗ ಬಕೆಟ್ ಖಾಲಿಯಾಗಿದ್ದದ್ದೂ ಕಣ್ಣಿಗೆ ಬೀಳಲಿಲ್ಲ.

ಕೆಲವು ವಾರ ಕಳೆದು, ಒಳ್ಳೆಯ ಮಳೆಯೂ ಆದ ಮೇಲೆ ಗ್ರಹಾಂ ಫೋನ್ ಮಾಡಿದರು. ನಿಮ್ಮ ಪ್ರಯೋಗದ ಜಾಗದಲ್ಲಿ ಹುಲ್ಲಿನಲ್ಲಿ ಏನೋ ಚಿತ್ರ ಎದ್ದಿದೆ, ಬಂದು ನೋಡಿ ಎಂದರು.

"ಅತ್ತೆ, ಅವತ್ತು ಬಕೆಟ್‌ನಲ್ಲಿ ಉಳಿದಿದ್ದ ಗೊಬ್ಬರ ಏನ್ಮಾಡಿದ್ರಿ?"

"ರಂಗೋಲಿ ಹಾಕ್ದೆ ಕಣಮ್ಮ. ಪುಡಿಯಷ್ಟು ನಯವಾಗಿ ಬರ್ಲಿಲ್ಲ, ಕಾಳು ಕಾಳು."

ಗೊಬ್ಬರ ತಾಕಬಾರದ ಚೌಕದಲ್ಲಿ ಹಾಕಿದ್ದರೆ ಅದುವರೆಗಿನ ಶ್ರಮವೆಲ್ಲ ಮಣ್ಣುಪಾಲು. ಎಲ್ಲಿ ಹಾಕಿದಿರಿ ಎಂದು ಕೇಳುವ ಧೈರ್ಯವೇ ಬರಲಿಲ್ಲ. ದಾರಿಯುದ್ದಕ್ಕೂ ಅವರು ಕಿಟಕಿಯಾಚೆ ಕುರಿಮರಿ ತೋರಿಸುತ್ತಿದ್ದರು, ನಾನು ಮನಸ್ಸಿನಲ್ಲೇ ಬೇರೆ ಕೆಲಸ ಹುಡುಕುತ್ತಿದ್ದೆ.

ಹೋಗಿ ನೋಡಿದರೆ, ಬೇಲಿ ಗೇಟಿನ ಹೊರಗೆ, ಸರಿಯಾಗಿ ನಡುಮಧ್ಯೆ, ಕಂದು ಹುಲ್ಲಿನ ನಡುವೆ ಕಡುಹಸಿರು ಗೆರೆಗಳ ಕಮಲ. ಕುರಿಗಳು ಅಕ್ಕಪಕ್ಕದ ಹುಲ್ಲು ಬಿಟ್ಟು ಆ ಗೆರೆಗಳನ್ನೇ ಹಿಡಿದು ಮೇಯ್ದಿದ್ದವು. ಮೇಯ್ದಲ್ಲೇ ಮತ್ತೆ ಎಳೆ ಚಿಗುರು. ಒಳಗಿನ ಒಂದು ಚೌಕಕ್ಕೂ ಏನೂ ಆಗಿರಲಿಲ್ಲ. ಗೇಟು ಹಿಡಿದು ನಿಂತುಬಿಟ್ಟೆ, ನೆಮ್ಮದಿಗೆ ಕಣ್ಣಲ್ಲಿ ನೀರು ಬಂತು.

"ಒಳಗೆ ಹಾಕಿದ್ದೀರೇನೋ ಅಂತ ಜೀವ ಹೋಗಿತ್ತು ಅತ್ತೆ."

"ಒಳಗೆ ನಿನ್ ಕೆಲ್ಸ ನಡೀತಿತ್ತಲ್ಲೇ. ರಂಗೋಲಿ ಬಾಗ್ಲಾಚೆ ತಾನೆ ಹಾಕೋದು? ಬೋಳು ಬಾಗ್ಲು ನೋಡಕ್ಕಾಗ್ಲಿಲ್ಲ."

ಗ್ರಹಾಂ ಟೋಪಿ ತೆಗೆದು ತಲೆ ಕೆರೆದುಕೊಂಡರು. ಇಡೀ ಗುಡ್ಡಕ್ಕೆ ಹೀಗೆ ಹಾಕಲು ಈ ಆಂಟಿಗೆ ಎಷ್ಟು ದಿನ ಬೇಕು ಎಂದು ಕೇಳಿದರು. ಗೊಬ್ಬರ ಉಂಡ ಹುಲ್ಲನ್ನು ಹದವಾಗಿ ಕತ್ತರಿಸುತ್ತಿದ್ದರೆ ಎಳೆಯದಾಗಿ ಚಿಗುರುತ್ತದೆ, ಹಾಗೇ ಬಿಟ್ಟರೆ ಒರಟಾಗುತ್ತದೆ ಎಂದು ನಾನು ಆಮೇಲೆ ವರದಿಯಲ್ಲಿ ಗಂಭೀರವಾಗಿ ಬರೆದೆ. ಕುರಿಗಳಿಗೆ ಅದು ಆಗಲೇ ಗೊತ್ತಿತ್ತು.

ಚೆಲ್ಲಿದ ಸಬ್ಬಕ್ಕಿಯನ್ನು ಬಾಚಿಕೊಂಡೆ. ಡಬ್ಬಿಗೆ ಹಾಕಲು ಮನಸ್ಸಾಗಲಿಲ್ಲ. ಮುಂಬಾಗಿಲು ತೆಗೆದು ನೋಡಿದೆ. ಇಷ್ಟು ವರ್ಷ ನನಗೆ ಕಾಣದಿದ್ದದ್ದು ಇವತ್ತು ಕಂಡಿತು, ಬೋಳು ಬಾಗಿಲು. ಅಲ್ಲೇ ಮಂಡಿಯೂರಿದೆ. ಮೊದಲ ಎಸಳು ಸೊಟ್ಟಗೆ ಬಂತು. ಬರಲಿ, ಪಾಯಸ ಸ್ವಲ್ಪ ಹೊತ್ತು ಕಾಯಲಿ.