ಕೊನೆಯ ಹೊಲಕ್ಕೆ ಮುಟ್ಟಿದ ನೀರು

ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರಿಯಿಂದ ನಿವೃತ್ತನಾದ ಯಂಕಣ್ಣ ಇನ್ನು ಮೇಲೆ ಊರ ಕಟ್ಟೆ ಕಾಯುತ್ತ ಕೂಡುತ್ತಾನೆ ಎಂದೇ ನಾವೆಲ್ಲ ತಿಳಿದಿದ್ದೆವು. ಆತ ಕೂತದ್ದೇನೋ ನಿಜ. ಆದರೆ ಕೆಂಭಾವಿ ಸಂತೆಯಲ್ಲಿ, ಬೀಜ ಗೊಬ್ಬರದ ಅಂಗಡಿಯ ಜಗುಲಿ ಮೇಲೆ, ಮಗಳು ಕೊಡಿಸಿದ ಮೊಬೈಲನ್ನು ಮೂಗಿನ ಹತ್ತಿರ ಹಿಡಿದುಕೊಂಡು. ಅರವತ್ತು ದಾಟಿದ ಮನುಷ್ಯನಿಗೆ ಈ ಹುಚ್ಚು ಎಲ್ಲಿಂದ ಹತ್ತಿತೋ ಎಂದು ನಾನು ನಕ್ಕಿದ್ದುಂಟು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು; ಇನ್ನೊಬ್ಬರ ತಪ್ಪು ನನಗೆ ಬೇಗ ಕಾಣುತ್ತದೆ.

ಬದು ಹಾಕಿಸಬೇಕು, ಕೃಷಿ ಹೊಂಡ ತೋಡಿಸಬೇಕು, ಉಪ್ಪೇರಿ ಸವಳು ಹಿಡಿದ ಹೊಲ ತಿದ್ದಬೇಕು ಎನ್ನುವವರು ಬಂದು ಆತನ ಎದುರು ಕೂಡುತ್ತಾರೆ. ಯಂಕಣ್ಣ ಕೃಷಿ ಇಲಾಖೆಯ ಜಾಲತಾಣ ತೆಗೆದು, ಈ ಸಲ ನಮ್ಮ ತಾಲೂಕಿಗೆ ಯಾವ ಯೋಜನೆ ಬಂದಿದೆ, ಕೊನೆಯ ದಿನ ಯಾವಾಗ, ಕಾಗದ ಏನೇನು ಬೇಕು ಎಂದು ಓದಿ ಹೇಳುತ್ತಾನೆ. ಆಮೇಲೆ ಆ ಕೆಲಸ ಮಾಡಿಕೊಡುವವರ ಪಟ್ಟಿ ಹುಡುಕುತ್ತಾನೆ. ಪಟ್ಟಿಯಲ್ಲಿರುವ ನಂಬರನ್ನು ಯಾರಿಗೂ ಹಾಗೇ ಕೊಡುವುದಿಲ್ಲ, ಮೊದಲು ತಾನು ಫೋನು ಹಚ್ಚುತ್ತಾನೆ. ಒಮ್ಮೆ ಬದು ಹಾಕುವವರೆಂದು ಪಟ್ಟಿಯಲ್ಲಿದ್ದ ರಂಗಂಪೇಟೆಯ ನಂಬರಿಗೆ ಹಚ್ಚಿದರೆ ಆ ಕಡೆಯವರು, “ಲಗ್ನ ಯಾವಾಗ ಅದರಿ?” ಎಂದು ಕೇಳಿದರು. ಅದು ಬ್ಯಾಂಡ್ ಬಾರಿಸುವವರ ನಂಬರು. ಜಗುಲಿಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಂಕಣ್ಣ ಮಾತ್ರ ಆ ನಂಬರು ತಪ್ಪೆಂದು ಜಾಲತಾಣಕ್ಕೆ ಬರೆದು ಹಾಕಿದ. ಅವರು ತಿದ್ದುವತನಕ ವಾರಕ್ಕೊಮ್ಮೆ ಬರೆಯುತ್ತಲೇ ಇದ್ದ.

ಫೋನು ಎತ್ತಿದವರನ್ನೂ ಆತ ಅಷ್ಟಕ್ಕೇ ನಂಬುವವನಲ್ಲ. ಖುದ್ದು ಹೋಗಿ, ಅವರು ಹಿಂದೆ ಹಾಕಿದ ಬದುವಿನ ಮೇಲೆ ನಡೆದು, ಹಿಮ್ಮಡಿಯಿಂದ ಒದ್ದು ನೋಡಬೇಕು. ಹಾಗೆ ಒದೆಸಿಕೊಂಡು ಪಾಸಾದವರು ನಮ್ಮ ಕಡೆ ನಾಲ್ಕೇ ಮಂದಿ. ಜೆಸಿಬಿ ಇಟ್ಟುಕೊಂಡಿರುವ ಉಸ್ಮಾನಸಾಬ ಅವರಲ್ಲೊಬ್ಬ.

ಅರ್ಜಿ ಆನ್‌ಲೈನ್ ಆದರೂ ಜೊತೆಗೆ ಒಂದು ಕಾಗದ ಬರೆದು ಕೊಡದೆ ಕಚೇರಿಯವರಿಗೆ ಸಮಾಧಾನವಿಲ್ಲ. ಯಂಕಣ್ಣನಿಗೆ ಬರೆಯಲು ಬರುತ್ತದೆ. ಅರ್ಜಿಯ ಭಾಷೆ ಬರುವುದಿಲ್ಲ. ಅದಕ್ಕೆ ನಾನು ಬೇಕು. ನಮ್ಮ ಪರಿಚಯ ಹಳೆಯದು. ಆತ ಕಾಯುತ್ತಿದ್ದ ಕಾಲುವೆಯ ಮೊದಲ ಗೇಟಿಗೆ ಹತ್ತಿದ ಎಂಟು ಎಕರೆ ನಮ್ಮ ಮನೆತನದ್ದು. ಅಲ್ಲಿ ವರ್ಷಕ್ಕೆ ಎರಡು ಸಲ ಭತ್ತ ಬೆಳೆಯುತ್ತಿದ್ದೆವು.

ಮೂರು ವರ್ಷದ ಹಿಂದೆ ಒಂದು ಸಂತೆಯ ದಿನ ಗುರುಲಿಂಗಮ್ಮ ಬಂದಳು. ಕುರಿ ಸಾಕಿಕೊಂಡು, ಅದೇ ಕಾಲುವೆಯ ತುದಿಯ ಇಳಿಜಾರಿನ ಮೂರು ಎಕರೆಯಲ್ಲಿ ಸಜ್ಜೆ, ತೊಗರಿ ಬಿತ್ತುವ ಹೆಣ್ಣುಮಗಳು.

“ಕಾಕಾ, ಮಳಿ ಬಂದಾಗೊಮ್ಮೆ ನನ್ನ ಹೊಲದ ಮಣ್ಣು ಹಳ್ಳಕ್ಕ ಹೊಂಟಾದ್ರಿ. ಮ್ಯಾಲಿನ ಅರ್ಧ ಎಕರೆದಾಗ ಬರೇ ಗರಸು ಉಳದಾದ. ಇನ್ನೆರಡು ವರ್ಷ ಹಿಂಗ ಹೋದ್ರ ಬಿತ್ತಾಕ ಮಣ್ಣ ಇರಂಗಿಲ್ಲ. ಬದು ಹಾಕಿ ಹೊಂಡ ತೋಡಿ ಕೊಡೂ ಯೋಜನಿ ಬಂದಾದಂತ. ನೋಡ್ರಿ.”

ಯೋಜನೆ ಬಂದಿತ್ತು. ಮಳೆಯನ್ನೇ ನಂಬಿದ ಇಳಿಜಾರಿನ ಹೊಲಗಳಿಗೆ ಮಾತ್ರ. ಕೊನೆಯ ದಿನಕ್ಕೆ ಇನ್ನು ಹದಿನೆಂಟು ದಿನ. ಯಂಕಣ್ಣ ಆಕೆಯ ಸರ್ವೆ ನಂಬರು ಹಾಕಿದ. ‘ನೀರಾವರಿ ಜಮೀನು. ಈ ಯೋಜನೆಗೆ ಅರ್ಹತೆ ಇಲ್ಲ’ ಎಂದು ಕೆಂಪು ಅಕ್ಷರ ಬಂತು. ಆತ ಮೊಬೈಲನ್ನು ಜಗುಲಿಯ ಮೇಲೆ ಬೋರಲು ಇಟ್ಟ.

“ಏನಂತಾದ್ರಿ ಅದು?”

“ನಿನ್ನ ಹೊಲಕ್ಕ ಕಾಲವಿ ನೀರು ಬರ್ತಾದ ಅಂತಾದವ್ವ.”

“ನನ್ನ ಹೊಲಕ್ಕ? ಆ ಕಾಲವ್ಯಾಗ ನಮ್ಮ ಕುರಿ ಇಳದು ಮೇಯ್ತಾವ್ರಿ!”

ಮರುದಿನ ನಾನೂ ಯಂಕಣ್ಣನೂ ಸುರಪುರದ ಕೃಷಿ ಕಚೇರಿಗೆ ಹೋದೆವು. ಅಧಿಕಾರಿ ತಾಳ್ಮೆಯವರು. ಕಡತ ತರಿಸಿ, ಕಾಲುವೆಯ ಕಡೆಯಿಂದ ಬಂದ ವರದಿಗಳ ನಕಲು ತೋರಿಸಿದರು. ಒಂದೊಂದು ಹಂಗಾಮಿಗೂ ಒಂದೇ ಸಾಲು: ‘ಕೊನೆಯ ಹೊಲದವರೆಗೆ ನೀರು ಮುಟ್ಟಿದೆ.’ ಹತ್ತೊಂಬತ್ತು ವರ್ಷದ ಹಾಳೆಗಳು, ಎಲ್ಲದರ ಕೆಳಗೂ ಯಂಕಣ್ಣನ ಸಹಿ. “ಇದು ಸುಳ್ಳು ಅಂತ ಯಾರಾದ್ರೂ ಜವಾಬ್ದಾರಿ ಇದ್ದವರು ಬರೆದು ಕೊಟ್ರೆ ನಾನೇ ಬಂದು ಹೊಲ ನೋಡ್ತೀನಿ” ಎಂದರು ಅಧಿಕಾರಿ. ಆ ಸಹಿಯ ಮನುಷ್ಯ ತಮ್ಮ ಎದುರಿಗೇ ನಿಂತಿದ್ದಾನೆಂದು ಅವರಿಗೆ ಗೊತ್ತಾಗಲಿಲ್ಲ.

ಬಸ್ ನಿಲ್ದಾಣದಲ್ಲಿ ಯಂಕಣ್ಣ ತಾನಾಗಿಯೇ ಬಾಯಿ ಬಿಟ್ಟ.

“ಮೊದಲ ಎರಡು ಹಂಗಾಮು ಮುಟ್ಟಿತ್ರಿ ಮಾಸ್ತರ. ಆಮ್ಯಾಲ ಇಲ್ಲ. ಮುಟ್ಟಿಲ್ಲ ಅಂತ ಬರದ್ರ ಯಾಕ ಮುಟ್ಟಿಲ್ಲ ಅಂತ ಕೇಳ್ತಿದ್ರು. ಮುಟ್ಯಾದ ಅಂತ ಬರದ್ರ ಯಾರೂ ಕೇಳ್ತಿದ್ದಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ ಕೂಗಾಡಿದೆ. “ಹತ್ತೊಂಬತ್ತು ವರ್ಷ ಬಡವರ ಹೊಲದ ಮ್ಯಾಲ ಸುಳ್ಳು ಬರದು, ಈಗ ಸಂತ್ಯಾಗ ಕುಂತು ಧರ್ಮ ಮಾಡಾಕತ್ತೀ ಏನು?”

ಆತ ಟವೆಲಿನಿಂದ ಮುಖ ಒರೆಸಿಕೊಂಡ. “ಅದಕ್ಕ ಕುಂದರ್ತೀನ್ರಿ” ಎಂದಷ್ಟೇ ಹೇಳಿ ಬಸ್ಸು ಹತ್ತಿದ.

ಮರುದಿನ ಬೆಳಗ್ಗೆ ನಮ್ಮ ಮನೆಗೆ ಬಂದು ಕಾಗದ ಬರೆಯಿರಿ ಎಂದ. ಗುರುಲಿಂಗಮ್ಮನ ಒಂದು ಸರ್ವೆ ನಂಬರು ಹೇಳುತ್ತಾನೆಂದು ನಾನು ಪೆನ್ನು ಹಿಡಿದರೆ, ಕಣ್ಣು ಮುಚ್ಚಿಕೊಂಡು ಒಂದಾದ ಮೇಲೊಂದು ಹೇಳುತ್ತಲೇ ಹೋದ. ಆ ಕಾಲುವೆಯ ಕೊನೆಯ ಮೂವತ್ತೇಳು ಹೊಲಗಳು, ಯಾವುದಕ್ಕೆ ಯಾವ ವರ್ಷದಿಂದ ನೀರಿಲ್ಲ ಎಂಬ ಲೆಕ್ಕ ಸಮೇತ. ಒಂದು ಚೀಟಿಯನ್ನೂ ನೋಡಲಿಲ್ಲ.

“ಆಕಿದೊಂದು ಸಾಕು. ಎಲ್ಲಾ ಬರದ್ರ ನಿನ್ನ ಮ್ಯಾಲ ವಿಚಾರಣಿ ಬರ್ತಾದ” ಎಂದೆ.

“ಬರಲಿ ಬಿಡ್ರಿ. ಉಳದಾವರ ಮಣ್ಣೂ ಹೊಂಟಾದಲ್ರಿ.”

ಬರೆದೆ. ಬರೆಯುವಾಗ ಒಳಗೊಳಗೇ ಖುಷಿಯಾಗಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ತಪ್ಪು ಮಾಡಿದ ಹುಡುಗನಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳುವ ಮಾಸ್ತರನ ಖುಷಿ ಅದು.

ಕೊನೆಯ ದಿನಕ್ಕೆ ನಾಲ್ಕು ದಿನ ಉಳಿದಿರುವಾಗ ಅಧಿಕಾರಿ ಹೊಲಕ್ಕೆ ಬಂದರು. ಗುರುಲಿಂಗಮ್ಮ ಮುಂದೆ, ನಾವು ಹಿಂದೆ. ಕಾಲುವೆಯ ಕಲ್ಲು ಕಿತ್ತುಹೋಗಿ, ಒಳಗೆ ಜಾಲಿ ಬೆಳೆದು ನಿಂತಿತ್ತು. ಅಧಿಕಾರಿ ಅದರೊಳಗೇ ಇಳಿದು ನಿಂತು ಕಾಗದ ಓದಿದರು. ಕೊನೆಗೆ ಸಹಿಯನ್ನೂ ಯಂಕಣ್ಣನನ್ನೂ ನೋಡಿ, “ನೀವೇ ಏನ್ರಿ ಇದು? ಆಗ ಸುಳ್ಳು ಬರೆದಿದ್ರೋ, ಈಗ ಬರೆದೀರೋ?” ಎಂದು ಕೇಳಿದರು.

“ಆಗರಿ” ಎಂದ ಯಂಕಣ್ಣ.

“ಸರಿ. ಆದ್ರೆ ಮೇಲಿನಿಂದ ಪೂರ್ತಿ ನೀರು ಬಿಟ್ಟ ದಾಖಲೆ ಅದ. ಇಲ್ಲಿಗೆ ಬರಲಿಲ್ಲ ಅಂದ್ರೆ ಅದು ಎಲ್ಲಿಗೆ ಹೋಯ್ತು? ಅದನ್ನ ಬರೀದಿದ್ರೆ ಈ ಕಾಗದ ಮ್ಯಾಲಿನವರ ಮುಂದೆ ನಿಲ್ಲಂಗಿಲ್ಲ.”

ಯಂಕಣ್ಣ ತಲೆ ತಗ್ಗಿಸಿದ. ಆತನಿಗೆ ಗೊತ್ತಿತ್ತು. ಮೊದಲ ಗೇಟಿನ ಪಕ್ಕದಲ್ಲಿ ಕಾಲುವೆ ಒಡೆದು ಪೈಪು ಹಾಕಿದವರು ಯಾರು, “ಇವತ್ತೊಂದಿನ ನಮ್ಮ ಗೇಟು ಇಳಸಬ್ಯಾಡಪ್ಪ, ನಾಟಿ ನಡದಾದ” ಎಂದು ಪ್ರತಿ ಹಂಗಾಮಿನಲ್ಲೂ ಬಂದು ನಿಲ್ಲುತ್ತಿದ್ದವರು ಯಾರು ಎಂಬುದೆಲ್ಲ ಗೊತ್ತಿತ್ತು. ನಾನು. ಬಸ್ ನಿಲ್ದಾಣದಲ್ಲಿ ನಾನು ಬೈಯುವಾಗ ಆತ ಆ ಒಂದು ಮಾತು ಅಂದಿದ್ದರೆ ನನ್ನ ಬಾಯಿ ಮುಚ್ಚಿಹೋಗುತ್ತಿತ್ತು. ಅಂದಿರಲಿಲ್ಲ. ಈಗ, ಅನ್ನದಿದ್ದರೆ ತನ್ನ ಕಾಗದವೇ ಸುಳ್ಳಾಗುವ ಹೊತ್ತಿನಲ್ಲೂ ಅನ್ನಲಿಲ್ಲ. ಪೈಪು ಹಾಕಿಸಿದ್ದನ್ನು ನಾನೇನೂ ಮರೆತಿರಲಿಲ್ಲ. ಎಲ್ಲರೂ ಹಾಕುತ್ತಾರೆ, ನಾವೂ ಹಾಕಿದೆವು ಎಂದು ಅದನ್ನು ತಪ್ಪುಗಳ ಸಾಲಿಗೆ ಸೇರಿಸಿರಲಿಲ್ಲ, ಅಷ್ಟೆ. ಗುರುಲಿಂಗಮ್ಮ ತನ್ನ ಕುರಿಗಳ ಕಡೆ ಮುಖ ಮಾಡಿ ನಿಂತಿದ್ದಳು. ನನಗೆ ಬಹಳ ನಾಚಿಕೆಯಾಯಿತು.

“ನಮ್ಮ ಹೊಲಕ್ಕರಿ” ಎಂದೆ. “ಮೊದಲ ಗೇಟಿನ ಎಂಟು ಎಕರೆ. ಪೈಪು ನಾನೇ ಹಾಕಿಸಿದ್ದು.”

ಅಧಿಕಾರಿ ಕಾಗದವನ್ನು ನನ್ನ ಕೈಗೆ ಕೊಟ್ಟರು. ಜೀಪಿನ ಬಾನೆಟ್ಟಿನ ಮೇಲಿಟ್ಟು ಅದನ್ನೂ ಬರೆದು ಸಹಿ ಹಾಕಿದೆ.

ಅರ್ಜಿ ಕೊನೆಯ ದಿನ ಸೇರಿತು, ಮಂಜೂರೂ ಆಯಿತು. ಯಂಕಣ್ಣನನ್ನು ಎರಡು ಸಲ ವಿಚಾರಣೆಗೆ ಕರೆದರು. ಹೋಗಿ ಬಂದು ಮತ್ತೆ ಸಂತೆಯಲ್ಲಿ ಕೂತ. ನಮ್ಮ ಪೈಪು ಕಿತ್ತರು. ಹೊಲ ನೋಡಿಕೊಳ್ಳುವ ನನ್ನ ತಮ್ಮ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ. ಈಗ ನಮ್ಮಲ್ಲೂ ಒಂದೇ ಭತ್ತ, ಇನ್ನೊಂದು ಬೆಳೆ ಶೇಂಗಾ.

ಆ ಬೇಸಿಗೆ ಉಸ್ಮಾನಸಾಬ ಗುರುಲಿಂಗಮ್ಮನ ಹೊಲದಲ್ಲಿ ಬದು ಹಾಕಿದ. ಯಂಕಣ್ಣ ಅದರ ಮೇಲೆ ಒದೆಯುತ್ತ ಆ ತುದಿಗೆ ಹೋಗಿದ್ದಾಗ ನಾನು ಆಕೆಯನ್ನು ಕೇಳಿದೆ, “ಪೈಪು ನಮ್ಮದು ಅಂತ ನಿನಗ ಯಾವಾಗ ಗೊತ್ತಾತು?”

“ಹಾಕಿದ ವರ್ಷಾನೇ ಗೊತ್ತಿತ್ರಿ ಮಾಸ್ತರ. ನೀರು ಮುಟ್ಯಾದ ಅಂತ ಕಾಕಾ ಬರಿಯೂದೂ ಗೊತ್ತಿತ್ತು.”

“ಮತ್ತ ಕಚೇರಿಗೆ ಹೋಗಿ ನೀನೇ ಹೇಳಬೇಕಿತ್ತಲ್ಲ?”

“ಹೇಳಿದ್ದೆನ್ರಿ, ಎರಡು ಸಲ. ಕಾಗದ ಬರಸ್ಕೊಂಡು ಬಾ ಅಂದ್ರು” ಎಂದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ನಮ್ಮ ಕಡೆ ಬರಿಯಾವರು ನೀವಿಬ್ಬರೇ ಇದ್ರಿ.”